ಮಾಲ್ಗುಡಿಯ ಓದುಗರು: ಆರ್.ಕೆ. ನಾರಾಯಣ್ ಅವರ ಮೆಚ್ಚಿನ ಕೃತಿಗಳ ಚಾರಿತ್ರಿಕ ಅವಲೋಕನ

ಸಾಹಿತ್ಯ ಚರಿತ್ರೆಯನ್ನು ಸಾಮಾನ್ಯವಾಗಿ ಕೃತಿಗಳ ಮತ್ತು ಕರ್ತೃಗಳ ಚರಿತ್ರೆಯನ್ನಾಗಿ ಬರೆಯಲಾಗುತ್ತದೆ. ಓದುಗನಿಗೆ ಅದರಲ್ಲಿ ದೊರೆಯುವ ಸ್ಥಾನ ಅಲ್ಪ. ಒಬ್ಬ ಲೇಖಕನ ಹತ್ತು ಹದಿನೈದು ಕೃತಿಗಳಲ್ಲಿ ಎರಡೋ ಮೂರೋ ಜನಮನದಲ್ಲಿ ನೆಲೆಗೊಳ್ಳುತ್ತವೆ. ಉಳಿದವು ಗ್ರಂಥಾಲಯಗಳ ಕಪಾಟುಗಳಲ್ಲಿ ಉಳಿಯುತ್ತವೆ. ಈ ಆಯ್ಕೆಯನ್ನು ಓದುಗರ ಸಹಜ ಅಭಿರುಚಿಯ ತೀರ್ಪೆಂದು ಭಾವಿಸುವುದು ವಾಡಿಕೆ. ಆದರೆ ಆ ತೀರ್ಪಿನ ಹಿಂದೆ ಪ್ರಕಾಶಕರು, ಪ್ರಶಸ್ತಿಗಳು, ಪಠ್ಯಪುಸ್ತಕಗಳು, ಚಲನಚಿತ್ರ ಮತ್ತು ದೂರದರ್ಶನಗಳು ಕೆಲಸಮಾಡಿರುತ್ತವೆ. ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ವಿನೋದ ಕಾದಂಬರಿಕಾರ ಆರ್.ಕೆ. ನಾರಾಯಣ್ (1906-2001) ಅವರ ಕೃತಿಗಳು ಈ ಪ್ರಕ್ರಿಯೆಯನ್ನು ಪರಿಶೀಲಿಸಲು ಒಳ್ಳೆಯ ನಿದರ್ಶನಗಳು. 1935ರಿಂದ 1990ರವರೆಗೆ ಅವರು ಹದಿನಾಲ್ಕು ಕಾದಂಬರಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಓದುಗರು ಯಾವುದನ್ನು, ಯಾವಾಗ, ಏಕೆ ಮೆಚ್ಚಿದರು ಎಂಬುದನ್ನು ಗುರುತಿಸುವುದೂ, ಆ ಮೆಚ್ಚುಗೆ ಯಾವುದನ್ನು ಮರೆಯಿಸಿತು ಎಂಬುದನ್ನು ಪರಿಶೀಲಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

1. ಮೊದಲ ಓದುಗರು: ಲಂಡನ್ ಮತ್ತು ಮೈಸೂರು

ನಾರಾಯಣ್ ಹುಟ್ಟಿದ್ದು ಮದರಾಸಿನಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಅವರು ಮೈಸೂರು ಸಂಸ್ಥಾನದಲ್ಲಿ ಮುಖ್ಯೋಪಾಧ್ಯಾಯರಾಗಿದ್ದುದರಿಂದ ಕುಟುಂಬ ಮೈಸೂರಿಗೆ ಬಂದಿತು. 1930ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ. ಪದವಿ ಪಡೆದ ನಾರಾಯಣ್, ಅದೇ ವರ್ಷದ ವಿಜಯದಶಮಿಯಂದು ಬೆಂಗಳೂರಿನಲ್ಲಿ ಹೊಸದೊಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು. ಪುಟ್ಟ ರೈಲು ನಿಲ್ದಾಣವೊಂದರ ಚಿತ್ರದೊಡನೆ ಮಾಲ್ಗುಡಿ ಎಂಬ ಹೆಸರೂ ಅಂದು ಮೂಡಿತೆಂದು ಅವರು ತಮ್ಮ ಆತ್ಮಕಥೆ 'ಮೈ ಡೇಸ್' (1974)ನಲ್ಲಿ ನೆನೆದಿದ್ದಾರೆ.

ಹೀಗೆ ಆರಂಭವಾದ ಕಾದಂಬರಿಯ ಹಸ್ತಪ್ರತಿ ಹಲವು ಪ್ರಕಾಶಕರಿಂದ ತಿರಸ್ಕೃತವಾಯಿತು. ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರ ಮೂಲಕ ಅದು ಗ್ರಹಾಂ ಗ್ರೀನ್ ಅವರ ಕೈಸೇರಿದ್ದು ಭಾರತೀಯ ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಪ್ರಸಂಗ. ಗ್ರೀನ್ ಅದಕ್ಕೆ ಪ್ರಕಾಶಕರನ್ನು ಹುಡುಕಿಕೊಟ್ಟರು, ಶೀರ್ಷಿಕೆಯನ್ನು ಬದಲಿಸಿದರು, ನಾರಾಯಣಸ್ವಾಮಿ ಎಂಬ ಹೆಸರನ್ನು ನಾರಾಯಣ್ ಎಂದು ಚುಟುಕಾಗಿಸಲು ಸೂಚಿಸಿದರು. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆಯಿಂದ ಹೊರಬಂದಿತು. ಇಂದು ಎಲ್ಲರೂ ಬಲ್ಲ ಈ ಕೃತಿಗೆ ಅಂದು ದೊರೆತ ಓದುಗರು ಕೆಲವೇ ಮಂದಿ. ಪ್ರಕಾಶಕರ ಪಟ್ಟಿಯೇ ಇದಕ್ಕೆ ಸಾಕ್ಷಿ: ಎರಡನೆಯ ಕಾದಂಬರಿ 'ದಿ ಬ್ಯಾಚುಲರ್ ಆಫ್ ಆರ್ಟ್ಸ್' (1937) ನೆಲ್ಸನ್ ಸಂಸ್ಥೆಗೆ ಹೋಯಿತು, ಮೂರನೆಯದಾದ 'ದಿ ಡಾರ್ಕ್ ರೂಮ್' (1938) ಮ್ಯಾಕ್‌ಮಿಲನ್ ಸಂಸ್ಥೆಗೆ. ಮೂರು ಕೃತಿಗಳಿಗೆ ಮೂವರು ಪ್ರಕಾಶಕರು. ವಿಮರ್ಶಕರ ಪ್ರಶಂಸೆಯಿದ್ದರೂ ಪುಸ್ತಕಗಳು ಮಾರಾಟವಾಗುತ್ತಿರಲಿಲ್ಲ.

ಈ ಸ್ಥಿತಿಯಲ್ಲಿ ವಿಶೇಷವಾದ ಒಂದು ವಿರೋಧಾಭಾಸವಿದೆ. ಮೈಸೂರಿನ ಬೀದಿಗಳನ್ನು, ಶಾಲೆಗಳನ್ನು, ವಠಾರಗಳನ್ನು ಕುರಿತು ಬರೆದ ಲೇಖಕನ ಮೊದಲ ಓದುಗರು ಲಂಡನ್ನಿನಲ್ಲಿದ್ದರು. ಪುಸ್ತಕವು ಸಮುದ್ರ ದಾಟಿ ಹೋಗಿ, ಅಚ್ಚಾಗಿ, ಮತ್ತೆ ಸಮುದ್ರ ದಾಟಿ ಬಂದು, ಇಲ್ಲಿನ ಮಧ್ಯಮ ವರ್ಗಕ್ಕೆ ದುಬಾರಿಯಾದ ಬೆಲೆಯಲ್ಲಿ ದೊರೆಯಬೇಕಾಗಿತ್ತು. ಮಾಲ್ಗುಡಿಯ ಜನ ಮಾಲ್ಗುಡಿಯ ಕಥೆಯನ್ನು ಓದುವಂತಾಗಲು ಬೇರೆ ವ್ಯವಸ್ಥೆಯೇ ಬೇಕಿತ್ತು.

2. ಮೈಸೂರಿನ ಮುದ್ರಣಾಲಯ

ಆ ವ್ಯವಸ್ಥೆಯ ಆರಂಭ ಒಂದು ಸೋಲಿನಿಂದ ಆಯಿತು. 1939ರಲ್ಲಿ ಪತ್ನಿ ರಾಜಂ ವಿಷಮಶೀತಜ್ವರದಿಂದ ತೀರಿಕೊಂಡ ಮೇಲೆ ಬರವಣಿಗೆಯನ್ನು ಬಹುಕಾಲ ನಿಲ್ಲಿಸಿದ್ದ ನಾರಾಯಣ್, 1941ರಲ್ಲಿ 'ಇಂಡಿಯನ್ ಥಾಟ್' ಎಂಬ ತ್ರೈಮಾಸಿಕವನ್ನು ಮೈಸೂರಿನಿಂದ ಹೊರಡಿಸಿದರು. ಅದು ಮೂರು ಸಂಚಿಕೆಗಳಲ್ಲಿ ನಿಂತಿತು. ಆದರೆ ಪತ್ರಿಕೆಯ ಹೆಸರು ಪ್ರಕಾಶನ ಸಂಸ್ಥೆಯ ಹೆಸರಾಗಿ ಉಳಿದು, ನಾರಾಯಣ್ ಅವರ ಕೃತಿಗಳ ಭಾರತೀಯ ಆವೃತ್ತಿಗಳನ್ನು ದಶಕಗಳ ಕಾಲ ಪ್ರಕಟಿಸಿತು. 'ಮಾಲ್ಗುಡಿ ಡೇಸ್' ಎಂಬ ಕಥಾಸಂಕಲನ ಮೊದಲು 1943ರಲ್ಲಿ ಬಂದದ್ದು ಈ ಸಂಸ್ಥೆಯಿಂದಲೇ. 1982ರಲ್ಲಿ ಅಮೆರಿಕದ ವೈಕಿಂಗ್ ಸಂಸ್ಥೆ ಅದೇ ಶೀರ್ಷಿಕೆಯಲ್ಲಿ ಹೊರತಂದ ಸಂಕಲನದ ಕಥೆಗಳ ಆಯ್ಕೆ ಬೇರೆ. ಎರಡನ್ನೂ ಒಂದೇ ಎಂದು ಭಾವಿಸಿ ಉಲ್ಲೇಖಿಸುವುದರಿಂದ ಗೊಂದಲ ಉಂಟಾಗುವ ಸಂಭವವಿದೆಯಾದ್ದರಿಂದ ಸಂಶೋಧಕರು ಈ ಅಂಶವನ್ನು ಗಮನದಲ್ಲಿಡಬೇಕು.

ಈ ಕಾಲದ ಹಳೆಯ ಮೈಸೂರಿನಲ್ಲಿ ಹಾಸ್ಯಕ್ಕೆ ಒಂದು ಓದುಗ ವರ್ಗ ಸಿದ್ಧವಾಗುತ್ತಿತ್ತು. ಕೈಲಾಸಂ ಅವರ ನಾಟಕಗಳು ರಂಗದ ಮೇಲಿದ್ದವು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮತ್ತು ನಾ. ಕಸ್ತೂರಿಯವರ ವಿನೋದ ಬರಹಗಳು ಮನೆಮಾತಾಗುತ್ತಿದ್ದವು. 1942ರಲ್ಲಿ ಡಾ. ಎಂ. ಶಿವರಾಂ (ರಾಶಿ) ಅವರು 'ಕೊರವಂಜಿ'ಯನ್ನು ಆರಂಭಿಸಿದರು. ನಾರಾಯಣ್ ಅವರ ಕಿರಿಯ ಸೋದರ ಆರ್.ಕೆ. ಲಕ್ಷ್ಮಣ್ 'ಕೊರವಂಜಿ'ಗೂ ಚಿತ್ರ ಬರೆದರು, 'ದಿ ಹಿಂದೂ' ಪತ್ರಿಕೆಯಲ್ಲಿ ಅಣ್ಣನ ಕಥೆಗಳಿಗೂ ಚಿತ್ರ ಬರೆದರು. ಭಾಷೆ ಬೇರೆಯಾದರೂ ಇಬ್ಬಗೆಯ ಹಾಸ್ಯಕ್ಕೂ ವಸ್ತು ಒದಗಿಸಿದ ಸಮಾಜ ಒಂದೇ: ಗುಮಾಸ್ತರು, ವಕೀಲರು, ಮೇಷ್ಟ್ರುಗಳು, ಸಾಲಗಾರರು, ಸಾಲ ಕೊಡುವವರು.

ಮೈಸೂರಿನ ಸಿಟಿ ಪವರ್ ಪ್ರೆಸ್ಸಿನ ಮುದ್ರಕ ಸಂಪತ್ ಅವರ ಒಡನಾಟ 'ಮಿಸ್ಟರ್ ಸಂಪತ್' (1949) ಕಾದಂಬರಿಗೆ ಪ್ರೇರಣೆಯಾಯಿತು. ಪತ್ರಿಕೆ ನಡೆಸಲು ಹೊರಟ ಶ್ರೀನಿವಾಸ, ಎಲ್ಲ ಕೆಲಸವನ್ನೂ ಒಪ್ಪಿಕೊಂಡು ಯಾವುದನ್ನೂ ಮುಗಿಸದ ಮುದ್ರಕ ಸಂಪತ್, ಇಬ್ಬರನ್ನೂ ನುಂಗುವ ಸಿನಿಮಾ ವ್ಯಾಪಾರ – ಇವೆಲ್ಲ ಲೇಖಕರ ಅನುಭವದಿಂದಲೇ ಬಂದವು. 1952ರಲ್ಲಿ ಜೆಮಿನಿ ಸಂಸ್ಥೆಯ ಎಸ್.ಎಸ್. ವಾಸನ್ ಇದನ್ನು ಹಿಂದಿಯಲ್ಲಿ ಚಲನಚಿತ್ರವಾಗಿಸಿದರು. ನಾರಾಯಣ್ ಅವರ ಕೃತಿಯೊಂದು ಪುಸ್ತಕದ ಓದುಗರನ್ನು ದಾಟಿ ಪ್ರೇಕ್ಷಕರನ್ನು ತಲುಪಿದ ಆರಂಭದ ಪ್ರಸಂಗಗಳಲ್ಲಿ ಇದೂ ಒಂದು.

3. ಎರಡು ಶಿಖರಗಳು: ಮಾರ್ಗಯ್ಯ ಮತ್ತು ರಾಜು

ನಾರಾಯಣ್ ಅವರ ಅತ್ಯುತ್ತಮ ಕೃತಿ ಯಾವುದೆಂಬ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರುಗಳು 'ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್' (1952) ಮತ್ತು 'ದಿ ಗೈಡ್' (1958). ಇವೆರಡರ ಜನಪ್ರಿಯತೆಯ ಹಾದಿಗಳು ಮಾತ್ರ ಭಿನ್ನ.

ಮೊದಲನೆಯದರ ನಾಯಕ ಮಾರ್ಗಯ್ಯ ಸಹಕಾರಿ ಭೂ ಅಡಮಾನ ಬ್ಯಾಂಕಿನ ಎದುರು ಆಲದ ಮರದ ನೆರಳಿನಲ್ಲಿ ತಗಡಿನ ಪೆಟ್ಟಿಗೆಯಿಟ್ಟುಕೊಂಡು ಕೂರುತ್ತಾನೆ. ಬ್ಯಾಂಕಿನಿಂದ ಸಾಲ ಪಡೆಯುವ ಅರ್ಜಿ ನಮೂನೆಗಳನ್ನು ರೈತರಿಗೆ ತುಂಬಿಕೊಡುವುದು, ಒಂದು ಸಾಲವನ್ನು ಇನ್ನೊಂದರಿಂದ ತೀರಿಸುವ ಉಪಾಯ ಹೇಳುವುದು ಅವನ ಕಸುಬು. ಮಗ ಬಾಲು ಲೆಕ್ಕದ ಪುಸ್ತಕವನ್ನು ಚರಂಡಿಗೆ ಎಸೆಯುವುದರೊಂದಿಗೆ ಆ ಕಸುಬು ಕೊನೆಗೊಳ್ಳುತ್ತದೆ. ಮುಂದೆ ಡಾ. ಪಾಲ್ ಎಂಬಾತನಿಂದ ಪಡೆದ ದಾಂಪತ್ಯ ಜೀವನದ ಹಸ್ತಪ್ರತಿಯನ್ನು ಅಚ್ಚುಮಾಡಿಸಿ ಹಣವಂತನಾಗುತ್ತಾನೆ. ಶೇಕಡಾ 20ರ ಬಡ್ಡಿಯ ಆಸೆ ತೋರಿಸಿ ಊರಿನವರ ಠೇವಣಿಗಳನ್ನು ಸಂಗ್ರಹಿಸುತ್ತಾನೆ. ಡಾ. ಪಾಲ್ ಹಬ್ಬಿಸಿದ ಗಾಳಿಮಾತಿಗೆ ಠೇವಣಿದಾರರೆಲ್ಲ ಒಮ್ಮೆಗೇ ಮುತ್ತಿ, ಎಲ್ಲವೂ ಕುಸಿದು, ಕಡೆಗೆ ಹಳೆಯ ತಗಡಿನ ಪೆಟ್ಟಿಗೆಯೇ ಗತಿಯಾಗುತ್ತದೆ. ಹೊಸ ಠೇವಣಿಯಿಂದ ಹಳೆಯ ಬಡ್ಡಿಯನ್ನು ತೀರಿಸುವ ಇಂಥ ವ್ಯವಹಾರಗಳ ಕುಸಿತವನ್ನು ಕರ್ನಾಟಕದ ಜನ ಆನಂತರವೂ ಅನೇಕ ಬಾರಿ ಕಂಡಿದ್ದಾರೆ. ಕಾದಂಬರಿಯ ಆಯುಷ್ಯ ದೀರ್ಘವಾಗಿರಲು ಈ ಆರ್ಥಿಕ ತಿಳಿವಳಿಕೆಯೂ ಒಂದು ಕಾರಣ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಮುದ್ರಣಾಲಯ 1953ರಲ್ಲಿ ಇದರ ಅಮೆರಿಕನ್ ಆವೃತ್ತಿಯನ್ನು ಪ್ರಕಟಿಸಿತು. ಕನ್ನಡದಲ್ಲಿ ಟಿ.ಎಸ್. ನಾಗಾಭರಣ ಅವರು 1983ರಲ್ಲಿ ಲೋಕೇಶ್ ಅವರನ್ನು ಮುಖ್ಯ ಪಾತ್ರದಲ್ಲಿರಿಸಿ 'ಬ್ಯಾಂಕರ್ ಮಾರ್ಗಯ್ಯ' ಚಿತ್ರವನ್ನು ನಿರ್ದೇಶಿಸಿದರು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆಯಿತು. ಮಾರ್ಗಯ್ಯ ಕನ್ನಡದಲ್ಲಿ ಮಾತನಾಡಿದಾಗ ಅದು ಅನುವಾದವೆಂದು ಅನಿಸದೆ, ಅವನ ಮನೆಮಾತೇ ಅದೆಂಬಂತೆ ಕೇಳಿಸಿತು.

'ದಿ ಗೈಡ್' ಕಾದಂಬರಿಯನ್ನು ನಾರಾಯಣ್ ಬರೆದದ್ದು ಅಮೆರಿಕದ ಬರ್ಕ್ಲಿಯಲ್ಲಿದ್ದಾಗ. ಆದರೆ ಅದರ ಬೀಜ ಮೈಸೂರಿನದು. ಬರಗಾಲದಲ್ಲಿ ಬತ್ತಿದ ನದಿಯಲ್ಲಿ ನಿಂತು ಬ್ರಾಹ್ಮಣರು ಮಳೆಗಾಗಿ ಉಪವಾಸವಿದ್ದು ಜಪಮಾಡಿದ ಪ್ರಸಂಗ ಅದಕ್ಕೆ ಹಿನ್ನೆಲೆಯನ್ನು ಒದಗಿಸಿತೆಂದು ಆತ್ಮಕಥೆ ತಿಳಿಸುತ್ತದೆ. ರೈಲು ನಿಲ್ದಾಣದ ಅಂಗಡಿಯಿಂದ ಪ್ರವಾಸಿಗರ ಮಾರ್ಗದರ್ಶಿಯಾಗಿ, ನರ್ತಕಿ ರೋಸಿಯ ಪ್ರಿಯಕರನಾಗಿ, ಖೋಟಾ ಸಹಿಯ ಅಪರಾಧಕ್ಕೆ ಜೈಲು ಸೇರಿ, ಬಿಡುಗಡೆಯ ನಂತರ ಪಾಳುಗುಡಿಯಲ್ಲಿ ಕುಳಿತಾಗ ಹಳ್ಳಿಗರಿಂದ ಸ್ವಾಮಿಯಾಗಿಬಿಡುವ ರಾಜುವಿನ ಕಥೆ ಇದು. ಒಲ್ಲದ ಮನಸ್ಸಿನಿಂದ ಆರಂಭವಾದ ಉಪವಾಸ ಕೊನೆಯಲ್ಲಿ ನಿಜವಾಗುತ್ತದೆಯೇ, ಮಳೆ ಬಂದಿತೇ, ರಾಜು ಬದುಕಿದನೇ ಎಂಬುದನ್ನು ಕಾದಂಬರಿ ತೀರ್ಮಾನಿಸುವುದಿಲ್ಲ.

1960ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ವಿಜಯ್ ಆನಂದ್ ನಿರ್ದೇಶನದ ಹಿಂದಿ ಚಿತ್ರ 1965ರಲ್ಲಿ ತೆರೆಕಂಡಿತು. ದೇಶದ ಬಹುಸಂಖ್ಯೆಯ ಜನರಿಗೆ ರಾಜು ಪರಿಚಿತನಾದದ್ದು ಈ ಚಿತ್ರದಿಂದ. ನಾರಾಯಣ್ ಅವರಿಗೆ ಚಿತ್ರ ಒಪ್ಪಿಗೆಯಾಗಿರಲಿಲ್ಲ. ಮೈಸೂರು ಸೀಮೆಯ ನೆಲೆಯನ್ನು ಬಿಟ್ಟು ಕಥೆಯನ್ನು ರಾಜಸ್ಥಾನಕ್ಕೆ ಕೊಂಡೊಯ್ದುದನ್ನು ಅವರು 'ದಿ ಮಿಸ್‌ಗೈಡೆಡ್ ಗೈಡ್' ಎಂಬ ಪ್ರಬಂಧದಲ್ಲಿ ವ್ಯಂಗ್ಯವಾಗಿ ವಿವರಿಸಿದರು. ಅದೇ ಚಿತ್ರಕ್ಕಾಗಿ ಅತ್ಯುತ್ತಮ ಕಥೆಗಾರನೆಂಬ ಫಿಲಂಫೇರ್ ಪ್ರಶಸ್ತಿಯೂ ಅವರಿಗೇ ಸಂದಿತು. ಚಿತ್ರದಲ್ಲಿ ಮಳೆ ನಿಸ್ಸಂದೇಹವಾಗಿ ಸುರಿಯುತ್ತದೆ. ರಾಜು ಸಂತನಾಗಿಯೇ ಮಡಿಯುತ್ತಾನೆ. ಹೀಗೆ 'ದಿ ಗೈಡ್' ಮೆಚ್ಚಿನ ಕೃತಿಯಾದಾಗ, ಮೆಚ್ಚಿದವರಲ್ಲಿ ಬಹುಪಾಲು ಜನರ ಮನಸ್ಸಿನಲ್ಲಿದ್ದ ಕೊನೆ ಕಾದಂಬರಿಯ ಕೊನೆಯಾಗಿರಲಿಲ್ಲ. ಸಂದೇಹವನ್ನು ಉಳಿಸುವ ಹಾಸ್ಯ, ಸಂದೇಹವನ್ನು ಕಳೆಯುವ ಭಕ್ತಿಕಥೆಯಾಗಿ ಮಾರ್ಪಟ್ಟಿತ್ತು.

4. ದೂರದರ್ಶನ ಮತ್ತು ಸ್ವಾಮಿಯ ಮರುಹುಟ್ಟು

'ಸ್ವಾಮಿ ಅಂಡ್ ಫ್ರೆಂಡ್ಸ್' ಪ್ರಕಟವಾಗಿ ಅರ್ಧ ಶತಮಾನ ಕಳೆದ ಮೇಲೆ ಅದಕ್ಕೆ ಅಪಾರ ಜನಮನ್ನಣೆ ದೊರೆಯಿತು. ಶಂಕರ್ ನಾಗ್ ಅವರು ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿ 1986ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿತು. ಶಿವಮೊಗ್ಗ ಜಿಲ್ಲೆಯ ಆಗುಂಬೆ ಮಾಲ್ಗುಡಿಯಾಯಿತು. ಅರಸಾಳು ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್ ಕಾಣಿಸಿಕೊಂಡರು. ಎಲ್. ವೈದ್ಯನಾಥನ್ ಅವರ ಸಂಗೀತ ಹಾಗೂ ಲಕ್ಷ್ಮಣ್ ಅವರ ರೇಖಾಚಿತ್ರಗಳು ಧಾರಾವಾಹಿಯ ಗುರುತಾದವು. ರಾಜಸ್ಥಾನಕ್ಕೆ ಹೋಗಿದ್ದ ಮಾಲ್ಗುಡಿಯನ್ನು ಕನ್ನಡದ ಕಲಾವಿದರು ಮರಳಿ ಕರ್ನಾಟಕಕ್ಕೆ ತಂದರು. ಆದರೆ ಅದು ಬಂದಿಳಿದದ್ದು ಮೈಸೂರಿನ ಬಯಲುಸೀಮೆಗಲ್ಲ, ಮಲೆನಾಡಿನ ಮಳೆಗೆ ಎಂಬುದು ಗಮನಾರ್ಹ.

ಧಾರಾವಾಹಿಯ ಪ್ರಭಾವದಿಂದ ಓದುಗರ ಮೆಚ್ಚಿನ ಪಟ್ಟಿ ಬದಲಾಯಿತು. ನಾರಾಯಣ್ ಎಂದರೆ ಬಾಲ್ಯ, ಬೇಸಿಗೆ ರಜೆ, ಕ್ರಿಕೆಟ್ಟು ಎಂಬ ಭಾವನೆ ಬೇರೂರಿತು. ಮೂಲ ಕೃತಿಯಲ್ಲಿ ಇವೆಲ್ಲ ಇವೆ ನಿಜ. ಅದರೊಂದಿಗೆ 1930ರ ಆಗಸ್ಟ್ ತಿಂಗಳ ಹರತಾಳವಿದೆ, ಪೊಲೀಸರ ಲಾಠಿಯಿದೆ, ಇತರ ಧರ್ಮವನ್ನು ಹೀಯಾಳಿಸುವ ಮಿಷನ್ ಶಾಲೆಯ ಉಪಾಧ್ಯಾಯನಿದ್ದಾನೆ, ಹೆದರಿ ಊರು ಬಿಟ್ಟು ಕಾಡಿನಲ್ಲಿ ದಾರಿ ತಪ್ಪುವ ಹುಡುಗನಿದ್ದಾನೆ. ಗೆಳೆಯ ರಾಜಂ ತನ್ನನ್ನು ಕ್ಷಮಿಸಿದನೇ ಇಲ್ಲವೇ ಎಂಬುದು ಸ್ವಾಮಿಗೆ ತಿಳಿಯುವ ಮುನ್ನವೇ ರೈಲು ಹೊರಟುಹೋಗುತ್ತದೆ. ಶಾಲೆಯೆಂಬುದು ಮಗುವಿನ ಮೇಲೆ ನಡೆಸುವ ದಬ್ಬಾಳಿಕೆಯ ಅರಿವು ಈ ಹಾಸ್ಯದ ತಳದಲ್ಲಿದೆ. ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ನಾರಾಯಣ್ 1989ರಲ್ಲಿ ಮಾತನಾಡಲು ಆಯ್ದುಕೊಂಡ ವಿಷಯ ಶಾಲಾಮಕ್ಕಳ ಪುಸ್ತಕದ ಹೊರೆ. ಐವತ್ತನಾಲ್ಕು ವರ್ಷ ಹಿಂದಿನ ಕಾದಂಬರಿಯ ಕಾಳಜಿಯೇ ಸಂಸತ್ತಿನಲ್ಲಿ ಮತ್ತೆ ಧ್ವನಿ ಪಡೆಯಿತು. ಇದೇ ಪ್ರಶ್ನೆಯನ್ನು ಪರಿಶೀಲಿಸಿದ ಯಶಪಾಲ್ ಸಮಿತಿಯ ವರದಿ 1993ರಲ್ಲಿ ಬಂದಿತು.

ಮುಂದಿನ ಕಾಲದ ಪಟ್ಟಿಗಳಲ್ಲಿಯೂ ಇವೇ ಎರಡು ಕೃತಿಗಳು ಕಾಣಿಸುತ್ತವೆ. ಬಿಬಿಸಿಯು 2019ರಲ್ಲಿ ಪ್ರಕಟಿಸಿದ, ಜಗತ್ತನ್ನು ರೂಪಿಸಿದ ನೂರು ಕಾದಂಬರಿಗಳ ಪಟ್ಟಿಯಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಇತ್ತು. 2022ರಲ್ಲಿ ಕಾಮನ್‌ವೆಲ್ತ್ ದೇಶಗಳ ಲೇಖಕರ ಕೃತಿಗಳಿಂದ ಸಿದ್ಧವಾದ 'ಬಿಗ್ ಜ್ಯುಬಿಲಿ ರೀಡ್' ಪಟ್ಟಿಯಲ್ಲಿ 'ದಿ ಗೈಡ್' ಇತ್ತು.

5. ಮರೆಗೆ ಸಂದ ಕೃತಿಗಳು

ಮೆಚ್ಚುಗೆಯ ಚರಿತ್ರೆಗೆ ಮರೆವಿನ ಚರಿತ್ರೆಯೂ ಅಂಟಿಕೊಂಡಿರುತ್ತದೆ. 'ದಿ ಡಾರ್ಕ್ ರೂಮ್' ಇದಕ್ಕೆ ಸ್ಪಷ್ಟ ಉದಾಹರಣೆ. ವಿಮಾ ಕಂಪನಿಯ ಅಧಿಕಾರಿ ರಮಣಿಯ ಹೆಂಡತಿ ಸಾವಿತ್ರಿ, ಗಂಡನ ಪರಸ್ತ್ರೀ ಸಂಬಂಧವನ್ನು ಸಹಿಸಲಾರದೆ ಮನೆ ಬಿಡುತ್ತಾಳೆ. ಹೊಳೆಗೆ ಬಿದ್ದು ಉಳಿಯುತ್ತಾಳೆ. ದೇವಾಲಯದಲ್ಲಿ ದುಡಿದು ಸ್ವಂತ ಅನ್ನ ಸಂಪಾದಿಸುತ್ತಾಳೆ. ಮಕ್ಕಳ ನೆನಪು ತಡೆಯಲಾರದೆ ಸೋತು ಹಿಂದಿರುಗುತ್ತಾಳೆ. ಆಸ್ತಿಯಿಲ್ಲದ ಹೆಣ್ಣಿಗೆ ಹೊರಗೂ ನೆಲೆಯಿಲ್ಲ, ಒಳಗೂ ನೆಲೆಯಿಲ್ಲವೆಂಬ ಸತ್ಯವನ್ನು 1938ರಲ್ಲಿಯೇ ಹೇಳಿದ ಈ ಕಾದಂಬರಿಯಲ್ಲಿ ನಗುವಿಗೆ ಅವಕಾಶ ಕಡಿಮೆ. ವಿನೋದ ಲೇಖಕನಿಂದ ವಿನೋದವನ್ನೇ ನಿರೀಕ್ಷಿಸಿದ ಓದುಗರು ಇದನ್ನು ಬದಿಗಿಟ್ಟರು.

'ದಿ ಇಂಗ್ಲಿಷ್ ಟೀಚರ್' (1945) ಇನ್ನೊಂದು. ಅಧ್ಯಾಪಕ ಕೃಷ್ಣನ ಹೆಂಡತಿ ಸುಶೀಲಾ ವಿಷಮಶೀತಜ್ವರದಿಂದ ಸಾಯುತ್ತಾಳೆ. ಕೃತಿಯ ಬಹುಭಾಗ ಸ್ವಂತ ಬದುಕಿನದೇ ಎಂಬುದನ್ನು ನಾರಾಯಣ್ ಮರೆಮಾಚಲಿಲ್ಲ. ಸಾವಿನ ನಂತರ ಆತ್ಮದೊಡನೆ ಸಂಪರ್ಕ ಸಾಧಿಸುವ ಉತ್ತರಾರ್ಧವನ್ನು ಅನೇಕರು ಒಪ್ಪಲಿಲ್ಲ. ಆದರೂ ಮನೆಯ ಸಾಮಾನಿನ ಪಟ್ಟಿ, ಅಡಿಗೆಮನೆಯ ಲೆಕ್ಕ, ಬಾಡಿಗೆ ಮನೆಯ ಹುಡುಕಾಟ ಮುಂತಾದ ಸಣ್ಣ ಸಂಗತಿಗಳಿಂದ ಕಟ್ಟಿದ ದಾಂಪತ್ಯದ ಚಿತ್ರ ಅವರ ಬೇರಾವ ಕೃತಿಯಲ್ಲಿಯೂ ಇಷ್ಟು ನಿಕಟವಾಗಿಲ್ಲ. ಅವರ ನಂತರದ ಹಾಸ್ಯದ ಸಂಯಮಕ್ಕೆ ಈ ದುಃಖವೇ ಮೂಲವೆಂದು ಹೇಳಲು ಸಾಧ್ಯವಿದೆ.

'ದಿ ಮ್ಯಾನ್-ಈಟರ್ ಆಫ್ ಮಾಲ್ಗುಡಿ' (1961) ನಡುವಣ ಸ್ಥಾನದಲ್ಲಿದೆ. ಮುದ್ರಕ ನಟರಾಜನ ಮುದ್ರಣಾಲಯದ ಅಟ್ಟವನ್ನು ಆಕ್ರಮಿಸುವ, ಸತ್ತ ಪ್ರಾಣಿಗಳಿಗೆ ಹೊಟ್ಟು ತುಂಬುವ ವಾಸು, ಕಡೆಗೆ ತನ್ನ ಹಣೆಯ ಮೇಲಿನ ಸೊಳ್ಳೆಯನ್ನು ಹೊಡೆಯಲು ಹೋಗಿ ತನ್ನ ಪೆಟ್ಟಿಗೆ ತಾನೇ ಸಾಯುತ್ತಾನೆ. ಭಸ್ಮಾಸುರನ ಕಥೆಯ ಆಧುನಿಕ ರೂಪ ಇದೆಂದು ವಿದೇಶದ ಓದುಗನಿಗೆ ವಿವರಿಸಬೇಕು. ಯಕ್ಷಗಾನದಲ್ಲಿ ಭಸ್ಮಾಸುರ ಮೋಹಿನಿಯನ್ನು ಕಂಡ ಕನ್ನಡದ ಓದುಗನಿಗೆ ಆ ವಿವರಣೆ ಅನಗತ್ಯ. ಒಂದೇ ಕೃತಿಯನ್ನು ಇಬ್ಬರು ಓದುಗರು ಮೆಚ್ಚುವ ಕಾರಣಗಳು ಎಷ್ಟು ಬೇರೆಯಾಗಿರಬಲ್ಲವು ಎಂಬುದಕ್ಕೆ ಇದು ನಿದರ್ಶನ.

6. ಮೆಚ್ಚುಗೆ ಮತ್ತು ಆಕ್ಷೇಪ

ಮಾಲ್ಗುಡಿಯ ಹಾಸ್ಯ ನಿರಪಾಯಕಾರಿಯಾದುದೆಂಬ ಆಕ್ಷೇಪ ಹಳೆಯದು. ವಿ.ಎಸ್. ನೈಪಾಲ್ 1977ರಲ್ಲಿ ಪ್ರಕಟಿಸಿದ 'ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್' ಗ್ರಂಥದಲ್ಲಿ 'ಮಿಸ್ಟರ್ ಸಂಪತ್' ಮತ್ತು 'ದಿ ವೆಂಡರ್ ಆಫ್ ಸ್ವೀಟ್ಸ್' (1967) ಕೃತಿಗಳನ್ನು ಮರು ಓದಿ, ಮೊದಲು ಹಾಸ್ಯವೆಂದು ತೋರಿದ್ದರ ಹಿಂದೆ ಜಗತ್ತಿನಿಂದ ಹಿಂದೆ ಸರಿಯುವ ಕರ್ಮಸಿದ್ಧಾಂತದ ನಿರ್ಲಿಪ್ತತೆಯಿದೆ ಎಂದು ವಾದಿಸಿದರು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಮಾಲ್ಗುಡಿಯಲ್ಲಿ ಕ್ರಾಂತಿ ನಡೆಯುವುದಿಲ್ಲ. ಜಾತಿಯ ಕ್ರೌರ್ಯ ಮುನ್ನೆಲೆಗೆ ಬರುವುದಿಲ್ಲ. ಕಥೆಯ ದೃಷ್ಟಿ ಮಧ್ಯಮ ವರ್ಗದ ಬೀದಿಯನ್ನು ದಾಟುವುದು ಅಪರೂಪ. ಆದರೆ ನಿರ್ಲಿಪ್ತತೆಯ ಆರೋಪವನ್ನು ಮಾರ್ಗಯ್ಯನಿಗೋ ಸಾವಿತ್ರಿಗೋ ಹೊರಿಸುವುದು ಕಷ್ಟ. ಇವರಿಬ್ಬರೂ ಹೊರಟಲ್ಲಿಗೇ ಮರಳುತ್ತಾರೆ. ಮರಳುವುದಕ್ಕೆ ತೆರುವ ಬೆಲೆಯನ್ನು ಕಾದಂಬರಿ ಲೆಕ್ಕವಿಟ್ಟು ತೋರಿಸುತ್ತದೆ. ನೈಪಾಲರ ವಾದ ಓದುಗರಿಗೆ ಪ್ರಿಯವಾದ ಮಾಲ್ಗುಡಿಗೆ ಅನ್ವಯಿಸುವಷ್ಟು, ನಾರಾಯಣ್ ಬರೆದ ಇಡೀ ಮಾಲ್ಗುಡಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ಆಕ್ಷೇಪ ಕರ್ನಾಟಕದೊಳಗಿನದು. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಕಟ್ಟಿಸಿದ ಮನೆಯನ್ನು ಕೆಡವುವ ಕೆಲಸ 2011ರಲ್ಲಿ ಆರಂಭವಾದಾಗ ಸಾರ್ವಜನಿಕ ವಿರೋಧ ವ್ಯಕ್ತವಾಗಿ ಅದು ನಿಂತಿತು. ಸರಕಾರದ ಹಣದಿಂದ ಅದನ್ನು ಸ್ಮಾರಕವಾಗಿಸುವ ಪ್ರಸ್ತಾಪಕ್ಕೆ ಕೆಲವು ಕನ್ನಡ ಲೇಖಕರು, ಕನ್ನಡದಲ್ಲಿ ಬರೆಯದ ಸಾಹಿತಿಗೆ ಈ ಗೌರವವೇಕೆ ಎಂದು ಪ್ರಶ್ನಿಸಿದರು. ಕನ್ನಡದ ಎಷ್ಟೋ ಹಿರಿಯ ಲೇಖಕರ ಮನೆಗಳು ಹೇಳಹೆಸರಿಲ್ಲದಂತೆ ಅಳಿದಿರುವಾಗ ಆ ಪ್ರಶ್ನೆಯನ್ನು ಅಸೂಯೆಯೆಂದು ತಳ್ಳಿಹಾಕುವಂತಿಲ್ಲ. 2016ರಲ್ಲಿ ಮನೆ ವಸ್ತುಸಂಗ್ರಹಾಲಯವಾಗಿ ತೆರೆಯಿತು. 2020ರಲ್ಲಿ ಅರಸಾಳು ನಿಲ್ದಾಣದಲ್ಲಿಯೂ ಮಾಲ್ಗುಡಿ ವಸ್ತುಸಂಗ್ರಹಾಲಯ ರೂಪುಗೊಂಡಿತು. ಮೊದಲನೆಯದು ಕೃತಿಗಳನ್ನು ಬರೆದವರ ನೆನಪು. ಎರಡನೆಯದು ಅವುಗಳನ್ನು ನೋಡಿ ಮೆಚ್ಚಿದವರ ನೆನಪು.

ಉಪಸಂಹಾರ

ಒಟ್ಟಿನಲ್ಲಿ, ನಾರಾಯಣ್ ಅವರ ಮೆಚ್ಚಿನ ಕೃತಿಗಳ ಪಟ್ಟಿ ಮೂರು ಹಂತಗಳಲ್ಲಿ ರೂಪುಗೊಂಡಿದೆ. ಮೊದಲ ಹಂತದಲ್ಲಿ ಲಂಡನ್ನಿನ ಸಣ್ಣ ಓದುಗವಲಯ ಅವರನ್ನು ಉಳಿಸಿತು, ಬೆಳೆಸಲಿಲ್ಲ. ಎರಡನೆಯ ಹಂತದಲ್ಲಿ ಪ್ರಶಸ್ತಿ ಮತ್ತು ಚಲನಚಿತ್ರಗಳು 'ದಿ ಗೈಡ್' ಕೃತಿಯನ್ನು ಮುಂದೆ ತಂದವು. ಮೂರನೆಯ ಹಂತದಲ್ಲಿ ದೂರದರ್ಶನವು ಅವರ ಮೊದಲ ಕೃತಿಯನ್ನೇ ಅತ್ಯಂತ ಪ್ರಿಯ ಕೃತಿಯನ್ನಾಗಿಸಿತು. ಪ್ರತಿ ಹಂತದಲ್ಲಿಯೂ ಓದುಗ ವರ್ಗ ವಿಸ್ತಾರಗೊಂಡಿತು. ಪ್ರತಿ ಹಂತದಲ್ಲಿಯೂ ಕೃತಿಯ ಸಂಕೀರ್ಣತೆಯ ಒಂದಂಶ ಹಿನ್ನೆಲೆಗೆ ಸರಿಯಿತು. ರಾಜುವಿನ ಸಂದೇಹ, ಸ್ವಾಮಿಯ ಭಯ, ಸಾವಿತ್ರಿಯ ಸೋಲು ಹೀಗೆ ಸರಿದವುಗಳಲ್ಲಿ ಮುಖ್ಯವಾದವು.

ಈ ಕೃತಿಗಳನ್ನು ರಾಶಿ, ಗೊರೂರು, ಕಸ್ತೂರಿಯವರ ಬರಹಗಳ ಜೊತೆಯಲ್ಲಿಟ್ಟು ಓದುವ ತೌಲನಿಕ ಅಧ್ಯಯನಕ್ಕೆ ಅವಕಾಶ ವಿಪುಲವಾಗಿದೆ. 1940ರ ದಶಕದ ಹಳೆಯ ಮೈಸೂರಿನ ಮಧ್ಯಮ ವರ್ಗ ತನ್ನನ್ನು ತಾನೇ ನೋಡಿ ಎರಡು ಭಾಷೆಗಳಲ್ಲಿ ನಕ್ಕಿತು. ಆ ಎರಡು ನಗೆಗಳನ್ನು ಒಟ್ಟಿಗೆ ಕೇಳಿದಾಗ ಮಾತ್ರ ಆ ಕಾಲದ ಸಮಾಜದ ಚಿತ್ರ ಪೂರ್ಣವಾಗುತ್ತದೆ.